ಹಿಂದಿನ ಬಾಕಿ

ಜೂನ್ ಕೊನೆಯ ವಾರ ನಮ್ಮ ಮನೆ ಗೇಟಿನ ಸಂದಿಗೆ ಯಾರೋ ಒಂದು ದಪ್ಪ ಕಾರ್ಡು ಸಿಕ್ಕಿಸಿ ಹೋಗಿದ್ದರು. ಬಂಗಾರದ ಬಣ್ಣದ ಅಂಚು, ಮೇಲೆ ಲಾಂಛನ, ಕೆಳಗೆ ‘ನೂತನ ಪದಾಧಿಕಾರಿಗಳ ಪದಗ್ರಹಣ ಸಮಾರಂಭ’. ಒಳಗೆ 14 ಹೆಸರು. ಅದರಲ್ಲಿ ಕಾರ್ಯದರ್ಶಿ ಅಂತ ಇದ್ದದ್ದು ನನ್ನ ಹೆಸರು. ನನ್ನ ಪದಗ್ರಹಣಕ್ಕೆ ನನಗೇ ಆಮಂತ್ರಣ! ಹೆಂಡತಿ ಓದಿ ನೋಡಿ, ‘ನಿಮ್ಮ ಇನಿಶಿಯಲ್ಲೇ ತಪ್ಪಾಗಿದೆಯಲ್ರೀ’ ಅಂದಳು. ಅಲ್ಲಿಗೆ ನನ್ನ ಸಂಭ್ರಮ ಅರ್ಧ ಇಳಿಯಿತು.

ಕ್ಲಬ್ಬಿನ ಹೆಸರು ಬರೆಯುವುದಿಲ್ಲ. ಮುಂದೆ ಒಂದೆರಡು ಕಹಿ ಮಾತು ಬರುತ್ತವೆ, ನಾಳೆ ಬೆಳಿಗ್ಗೆ ವಾಕಿಂಗಿನಲ್ಲಿ ಅದೇ ಮುಖಗಳನ್ನು ನೋಡಬೇಕು. ದಾವಣಗೆರೆಯಲ್ಲಿ ಇಂಥ ಸೇವಾ ಕ್ಲಬ್ಬುಗಳು ಒಂದೆರಡಲ್ಲ. ಅವುಗಳಲ್ಲಿ ಒಂದು ಅಂದುಕೊಳ್ಳಿ, ಸಾಕು.

ಈ ಕ್ಲಬ್ಬಿನ ಮೆಟ್ಟಿಲು ನಾನು ಮೊದಲು ಹತ್ತಿದ್ದು 1989ರಲ್ಲಿ, ಸದಸ್ಯನಾಗಿ ಅಲ್ಲ, ಸಂಬಳಕ್ಕೆ. ಬಿ.ಕಾಂ ಓದುತ್ತಿದ್ದೆ. ಅಪ್ಪ ಕಾಟನ್ ಮಿಲ್ಲಿನಲ್ಲಿ ಫಿಟ್ಟರ್. ಮಿಲ್ಲು ಮುಚ್ಚುವ ಮಾತು ಆಗಲೇ ಮನೆಯಲ್ಲಿ ಓಡಾಡುತ್ತಿತ್ತು. ಸಂಜೆ ಎರಡು ತಾಸು ಬಂದು ಪತ್ರ ಬರೆಯುವುದು, ಬುಲೆಟಿನ್‌ಗೆ ಸ್ಟೆನ್ಸಿಲ್ ಕೊರೆಯುವುದು, ಸೈಕ್ಲೋಸ್ಟೈಲ್ ಮಾಡಿ ಮನೆಮನೆಗೆ ಸೈಕಲ್ಲಿನಲ್ಲಿ ಹಂಚುವುದು, ಮೀಟಿಂಗ್ ದಿನ ಕುರ್ಚಿ ಹಾಕುವುದು. ತಿಂಗಳಿಗೆ 150 ರೂಪಾಯಿ. ಜೊತೆಗೆ ಮೀಟಿಂಗ್ ಮುಗಿದ ಮೇಲೆ ಉಳಿದ ಮಂಡಕ್ಕಿ, ಮೆಣಸಿನಕಾಯಿ. ಆ ವಯಸ್ಸಿಗೆ ಎರಡನೆಯದೇ ಜಾಸ್ತಿ ಮುಖ್ಯವಾಗಿತ್ತು.

ಮಂಡಿಪೇಟೆಯ ಕಡೆ ಒಂದು ಅಂಗಡಿಯ ಮೇಲಿನ ಕೋಣೆ ಅದು. ನನ್ನ ಮೇಲೆ ಇನ್ನೊಬ್ಬರಿದ್ದರು. ಹಗಲೆಲ್ಲ ದಲಾಲಿ ಮಂಡಿಯಲ್ಲಿ ಗುಮಾಸ್ತರಾಗಿ ಲೆಕ್ಕ ಬರೆದು, ಸಂಜೆ ಕ್ಲಬ್ಬಿನ ಲೆಕ್ಕ ಬರೆಯಲು ಬರುತ್ತಿದ್ದ ಹಿರಿಯರು. ಬಿಳಿ ಅಂಗಿ, ಬಿಳಿ ಪಂಚೆ, ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ ಒಂದು ಕೆಂಪು. ಎಲ್ಲರೂ ಅವರನ್ನು ರೈಟರ್ ಅನ್ನುತ್ತಿದ್ದರು. ನನಗೆ ರೈಟ್ರಜ್ಜ.

ಕ್ಲಬ್ಬಿನಲ್ಲಿ ಎಲ್ಲವೂ ವರ್ಷಕ್ಕೊಮ್ಮೆ ಬದಲಾಗುತ್ತದೆ. ರೋಟರಿ ಇರಲಿ, ಲಯನ್ಸ್ ಇರಲಿ, ವರ್ಷ ಶುರುವಾಗುವುದು ಜುಲೈ 1ಕ್ಕೆ, ಮುಗಿಯುವುದು ಜೂನ್ 30ಕ್ಕೆ. ಹೊಸ ಅಧ್ಯಕ್ಷರು, ಹೊಸ ಕಾರ್ಯದರ್ಶಿ, ಹೊಸ ಖಜಾಂಚಿ. ಕೊರಳ ಪಟ್ಟಿ ಒಬ್ಬರ ಕತ್ತಿನಿಂದ ಇನ್ನೊಬ್ಬರ ಕತ್ತಿಗೆ ಹೋಗುತ್ತದೆ. ಹೋದ ವರ್ಷದವರು ‘ಮಾಜಿ’ ಆಗಿ ಮುಂದಿನ ಸಾಲಿನ ಕುರ್ಚಿಗೆ ಬರುತ್ತಾರೆ. ಬದಲಾಗದೆ ಇದ್ದದ್ದು ರೈಟ್ರಜ್ಜ ಮತ್ತು ಗೋದ್ರೇಜ್ ಬೀರು, ಎರಡೇ.

ಆ ಬೀರುವಿನಲ್ಲಿ ಮಿನಿಟ್ಸ್ ಪುಸ್ತಕಗಳ ಜೊತೆ ಒಂದು ಉದ್ದನೆಯ ಕೆಂಪು ಬಟ್ಟೆಯ ಪುಸ್ತಕವೂ ಇತ್ತು. ಮಂಡಿಯಲ್ಲಿ ಖಾತೆ ಬರೆಯುವ ಥರದ್ದು. ದೀಪಾವಳಿಗೆ ಮಂಡಿಯವರು ಹೊಸ ಪುಸ್ತಕಕ್ಕೆ ಪೂಜೆ ಮಾಡುತ್ತಾರಲ್ಲ, ಅರಿಶಿಣ ಕುಂಕುಮ ಹಚ್ಚಿ, ‘ಶ್ರೀ’ ಬರೆದು. ಆಮೇಲೆ ಬರುವ ಮೊದಲ ಸಾಲು ಯಾವುದು ಗೊತ್ತಾ? ಹಿಂದಿನ ಬಾಕಿ. ಯಾವ ಊರಿನ ಯಾವ ರೈತನ ಕಡೆಯಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು. ಪುಸ್ತಕ ಹೊಸದಾದ ಮಾತ್ರಕ್ಕೆ ಸಾಲ ಹೊಸದಾಗುವುದಿಲ್ಲ. ರೈಟ್ರಜ್ಜ ಕ್ಲಬ್ಬಿನ ಕೆಲಸಗಳನ್ನೂ ಅದೇ ಪದ್ಧತಿಯಲ್ಲಿ ಬರೆದಿಟ್ಟಿದ್ದರು. ಕೆಲಸ, ತಾರೀಖು, ಖರ್ಚು ನೀಲಿಯಲ್ಲಿ. ಬಲಗಡೆ ಕೊನೆಯ ಕಾಲಮ್ಮಿನಲ್ಲಿ ಕೆಂಪು ಶಾಯಿ: ‘ಬಾಕಿ’. ಅವರಿಗೆ ಯಾರೂ ಹಾಗೆ ಬರೆಯಲು ಹೇಳಿರಲಿಲ್ಲ.

ಬಾಕಿ ಅಂದರೆ ದುಡ್ಡಲ್ಲ. ‘ಬೆಂಚು ಕೊಟ್ಟಿದ್ದು 12, ಈಗ ಇರುವುದು 9, ಮೂರು ಎಲ್ಲಿ?’ ‘ಅರವಟ್ಟಿಗೆ ಗಡಿಗೆ ಒಡೆದಿದೆ.’ ಇಂಥವು.

ಈ ಕ್ಲಬ್ಬುಗಳ ಹುಟ್ಟು ನಮ್ಮದಲ್ಲ, ನಿಜ. 1905ರ ಫೆಬ್ರುವರಿ 23ರಂದು ಅಮೆರಿಕದ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನುವ ವಕೀಲ ಮೂವರು ಗೆಳೆಯರ ಜೊತೆ ಕೂತ. ಒಬ್ಬ ಗಣಿ ಎಂಜಿನಿಯರ್, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ದರ್ಜಿ. ದೊಡ್ಡ ಊರಿನಲ್ಲಿ ಗುರುತು ಪರಿಚಯದವರಿಲ್ಲದೆ ಬೇಸತ್ತವರು. ಒಬ್ಬೊಬ್ಬರ ಆಫೀಸಿನಲ್ಲಿ ಸರದಿಯಂತೆ ಸೇರುತ್ತಿದ್ದರು, ಅದಕ್ಕೇ ರೋಟರಿ ಅಂತ ಹೆಸರು. ಸೇವೆ ಗೀವೆ ಎಲ್ಲ ಆಮೇಲೆ ಬಂದದ್ದು. 1917ರಲ್ಲಿ ಅದೇ ಊರಿನಲ್ಲಿ ಮೆಲ್ವಿನ್ ಜೋನ್ಸ್ ಅನ್ನುವ ವಿಮೆ ವ್ಯವಹಾರದವನು ಲಯನ್ಸ್ ಶುರು ಮಾಡಿದ. ರೋಟರಿ 1920ರ ಹೊತ್ತಿಗೆ ಕಲ್ಕತ್ತಾಕ್ಕೆ ಬಂತು, ಲಯನ್ಸ್ 1956ರಲ್ಲಿ ಬೊಂಬಾಯಿಗೆ. ಅಲ್ಲಿಂದ ಊರೂರಿಗೆ.

ಆದರೆ ಕೊಡುವ ಬುದ್ಧಿ ನಮ್ಮೂರಿಗೆ ಶಿಕಾಗೋದಿಂದ ಬರಬೇಕಾಗಿರಲಿಲ್ಲ. ನಮ್ಮ ದೊಡ್ಡಾಸ್ಪತ್ರೆಯ ಹೆಸರಿನಲ್ಲೇ ಚಿಗಟೇರಿ ಮನೆತನ ಇದೆ. ಡಿಆರ್‌ಎಂ ಕಾಲೇಜು ಅನ್ನುವಾಗ ಆ ಮೂರು ಅಕ್ಷರದ ಹಿಂದೆ ರಾಜನಹಳ್ಳಿ ಮನೆತನ ಇರುವುದು ಎಷ್ಟೋ ಹುಡುಗರಿಗೆ ಗೊತ್ತಿಲ್ಲ. ಅದೇ ಮನೆತನದ ಹನುಮಂತಪ್ಪನವರ ಹೆಸರಿನ ಛತ್ರದಲ್ಲಿ ಹಳ್ಳಿಯಿಂದ ಬಂದ ಎಷ್ಟು ಜನ ಒಂದು ರಾತ್ರಿ ಮಲಗಿ ಎದ್ದಿದ್ದಾರೋ. ಹತ್ತಿಯಲ್ಲಿ ದುಡಿದದ್ದನ್ನು ಊರಿಗೆ ಸುರಿದ ಊರು ಇದು. ಆ ಕಾಲದ ಸಾಹುಕಾರರಿಗೂ ಕ್ಲಬ್ಬಿಗೂ ಇರುವ ವ್ಯತ್ಯಾಸ ಒಂದೇ. ಸಾಹುಕಾರರು ಜೂನ್ 30ಕ್ಕೆ ಮಾಜಿ ಆಗುತ್ತಿರಲಿಲ್ಲ. ಛತ್ರ ಸೋರಿದರೆ ಜನ ನೇರ ಅವರ ಮನೆ ಬಾಗಿಲಿಗೆ ಹೋಗುತ್ತಿದ್ದರು.

ಹಳೇ ರೋಟರಿಯಲ್ಲಿ ಒಂದು ಕಸುಬಿಗೆ ಒಬ್ಬರೇ ಸದಸ್ಯ ಅನ್ನುವ ನಿಯಮ ಇತ್ತು. ಒಬ್ಬ ವಕೀಲ, ಒಬ್ಬ ಡಾಕ್ಟರು, ಒಬ್ಬ ವ್ಯಾಪಾರಿ. ದಾವಣಗೆರೆಯಂಥ ಊರಿಗೆ ಇದು ಹೇಗೆ ಹೊಂದಬೇಕು? ಕಲ್ಲು ಎಸೆದರೆ ಹತ್ತಿ ವ್ಯಾಪಾರಿಯ ತಲೆಗೇ ಬೀಳುತ್ತಿದ್ದ ಕಾಲ. ರೈಟ್ರಜ್ಜ ನಗುತ್ತಾ ಹೇಳುತ್ತಿದ್ದರು, ‘ಅದಕ್ಕೇನು ತಮ್ಮಾ, ಹತ್ತಿ ದಲಾಲಿ ಬೇರೆ, ಹತ್ತಿ ಜಿನ್ನಿಂಗು ಬೇರೆ, ಹತ್ತಿ ನೂಲು ಬೇರೆ, ಹತ್ತಿ ಬೀಜದ ಎಣ್ಣೆ ಬೇರೆ. ಒಂದೇ ಗಿಡ, ನಾಲ್ಕು ಕುರ್ಚಿ.’

ಇನ್ನೊಂದು ನೆನಪು, ಇದು ಅಪ್ಪನದು. ಒಮ್ಮೆ ಪಕ್ಕದ ಊರಿನ ರೋಟರಿಯ ಕಾರ್ಡೊಂದು ನನ್ನ ಚೀಲದಲ್ಲಿ ಮನೆಗೆ ಬಂದಿತ್ತು. ಅಪ್ಪ ಅದರ ಮೇಲಿದ್ದ ಲಾಂಛನದ ಚಕ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ಹಲ್ಲು ಎಣಿಸಿದರು. 24. ಆಮೇಲೆ ನಡುವಿನ ತೂತಿನ ಪಕ್ಕದ ಸಣ್ಣ ಕಚ್ಚಿನ ಮೇಲೆ ಬೆರಳಿಟ್ಟು, ‘ಕೀ ಕೂರಿಸೋ ಜಾಗ ಬಿಟ್ಟಾರೆ ನೋಡು. ತಿಳಿದೋರೇ ಮಾಡಿರಬೇಕು’ ಅಂದರು. ಶಾಫ್ಟಿಗೂ ಗೇರಿಗೂ ನಡುವೆ ಆ ಕೀ ಇಲ್ಲದಿದ್ದರೆ ಗೇರು ಸುಮ್ನೆ ತಾನೇ ತಿರುಗುತ್ತದೆ, ಮಿಶಿನ್ನು ಎಳೆಯುವುದಿಲ್ಲ. ಎಷ್ಟೋ ವರ್ಷ ಆದ ಮೇಲೆ ಓದಿದೆ: ಮೊದಮೊದಲ ಚಕ್ರದಲ್ಲಿ ಆ ಜಾಗ ಇರಲಿಲ್ಲವಂತೆ. ಎಂಜಿನಿಯರುಗಳು ಆಕ್ಷೇಪ ತೆಗೆದ ಮೇಲೆ 1920ರ ದಶಕದಲ್ಲಿ ಸೇರಿಸಿದರಂತೆ. ಅಪ್ಪ ಒಂದು ನಿಮಿಷದಲ್ಲಿ ಕಂಡುಹಿಡಿದಿದ್ದರು.

ನನಗೆ ಕ್ಲಬ್ಬು ಅಂದರೆ ಏನು ಅಂತ ಗೊತ್ತಾದದ್ದು ಒಂದು ಕಣ್ಣಿನ ಶಿಬಿರದಲ್ಲಿ.

1925ರಲ್ಲಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶಕ್ಕೆ ಬಂದು, ಕುರುಡರ ಪರವಾಗಿ ನಿಲ್ಲಿ ಅಂತ ಕೇಳಿಕೊಂಡರು. ಅಂದಿನಿಂದ ಕಣ್ಣು ಲಯನ್ಸ್‌ನವರ ಕೆಲಸ ಅಂತಲೇ ಹೆಸರಾಯಿತು. ನಮ್ಮ ಕಡೆ ಮಾತ್ರ ಅದು ಒಬ್ಬರ ಸೊತ್ತಾಗಲಿಲ್ಲ, ಎಲ್ಲ ಕ್ಲಬ್ಬುಗಳೂ ಮಾಡುತ್ತಿದ್ದವು. ನಮ್ಮದು ಮೇ ತಿಂಗಳಲ್ಲಿ. ಮುಂಗಾರು ಬಿತ್ತನೆಗೆ ಮುಂಚೆ ಹಳ್ಳಿಯವರಿಗೂ ಬಿಡುವು, ಜೂನ್ 30ರ ಒಳಗೆ ಒಂದು ದೊಡ್ಡ ಕೆಲಸ ತೋರಿಸಲು ಅಧ್ಯಕ್ಷರಿಗೂ ಅನುಕೂಲ. ಜಗಳೂರು ಕಡೆಯಿಂದ, ಹರಪನಹಳ್ಳಿ ಕಡೆಯಿಂದ ಟ್ರ್ಯಾಕ್ಟರಿನಲ್ಲಿ, ಬಸ್ಸಿನ ಮೇಲೆ ಜನ ಬರುತ್ತಿದ್ದರು. ಮೊದಲು ಬೆರಳು ಎಣಿಸುವ ಪರೀಕ್ಷೆ. ಆಮೇಲೆ ಟಾರ್ಚು, ಬಿ.ಪಿ., ಸಕ್ಕರೆ. ‘ಪೊರೆ ಇನ್ನೂ ಹಣ್ಣಾಗಿಲ್ಲ, ಮುಂದಿನ ವರ್ಷ ಬಾರವ್ವ’ ಅಂತ ವಾಪಸ್ ಕಳಿಸಿದವರ ಮುಖ ನೋಡಬಾರದು. ಆಯ್ಕೆಯಾದವರಿಗೆ ಯಾವ ಕಣ್ಣು ಅಂತ ಹಣೆಯ ಮೇಲೆ ಗುರುತು. ನನ್ನ ಕೆಲಸ ಹೆಸರು, ಊರು, ಯಾರ ಜೊತೆ ಬಂದದ್ದು ಅಂತ ಬರೆದುಕೊಳ್ಳುವುದು.

ಆಗ ಕಣ್ಣಿನೊಳಗೆ ಲೆನ್ಸ್ ಕೂರಿಸುವುದು ಶಿಬಿರಗಳಲ್ಲಿ ಅಷ್ಟಾಗಿ ಬಂದಿರಲಿಲ್ಲ. ಪೊರೆ ಬಂದ ಮಸೂರ ತೆಗೆದುಬಿಡುತ್ತಿದ್ದರು. ಅದರ ಬದಲಿಗೆ ಸೋಡಾ ಬಾಟಲಿ ತಳದಂಥ ಕನ್ನಡಕ. ಗಾಯ ಪೂರ್ತಿ ಮಾದು ಕಣ್ಣು ಒಂದು ಹದಕ್ಕೆ ಬರಲು ಆರು ವಾರ ಬೇಕು, ಸರಿಯಾದ ನಂಬರು ತೆಗೆಯುವುದು ಆಮೇಲೆ. ಕನ್ನಡಕ ಇಲ್ಲದಿದ್ದರೆ ಆಪರೇಷನ್ ಆಗಿಯೂ ಎದುರಿಗಿನದು ಮಂಜು ಮಂಜೇ.

ಈಗ ಲೆಕ್ಕ ಹಾಕಿ. ಮೇ ಕೊನೆಯಲ್ಲಿ ಆಪರೇಷನ್. ಆರು ವಾರ ಅಂದರೆ ಜುಲೈ ಮಧ್ಯ. ಅಷ್ಟೊತ್ತಿಗೆ ಹೊಸ ಅಧ್ಯಕ್ಷರು.

ಆ ವರ್ಷ ಆಗಸ್ಟಿನಲ್ಲಿ ಒಬ್ಬ ಮುದುಕಮ್ಮ ಮೊಮ್ಮಗನ ಕೈ ಹಿಡಿದು ನಮ್ಮ ಮೆಟ್ಟಿಲು ಹತ್ತಿ ಬಂದರು. ಒಂದೊಂದು ಮೆಟ್ಟಿಲನ್ನೂ ಕಾಲಲ್ಲಿ ತಡವಿ ತಡವಿ. ‘ಚಾಳೀಸು ಕೊಡ್ತೀವಿ ಅಂದಿದ್ರಲ್ರಪ್ಪಾ’ ಅಂದರು. ಹೊಸ ಅಧ್ಯಕ್ಷರು ಅಲ್ಲೇ ಇದ್ದರು. ಕೆಟ್ಟವರಲ್ಲ, ಆ ವರ್ಷ ಎರಡು ಸಲ ರಕ್ತ ಕೊಟ್ಟ ಮನುಷ್ಯ. ಆದರೂ ಬಾಯಿಗೆ ಬಂದದ್ದು, ‘ಅಮ್ಮಾ, ಅದು ಹೋದ ವರ್ಷದ ಪ್ರಾಜೆಕ್ಟು.’

ಮುದುಕಮ್ಮನಿಗೆ ಅರ್ಥ ಆಗಲಿಲ್ಲ. ಆಗಬೇಕಾದರೂ ಯಾಕೆ? ಆಕೆಗೆ ಕಣ್ಣು ಹೋದ ವರ್ಷದ್ದಲ್ಲ.

ರೈಟ್ರಜ್ಜ ಪೆನ್ನು ಜೇಬಿಗಿಟ್ಟು ಎದ್ದರು. ನಂಬರು ಬರೆಸಿ, ತಮ್ಮ ಪರಿಚಯದ ಚಾಳೀಸಿನ ಅಂಗಡಿಗೆ ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ. ಕನ್ನಡಕ ಬರಲು ಮೂರು ದಿನ ಆಯಿತು. ಅಷ್ಟೂ ದಿನ ಅಜ್ಜಿ ನೆಂಟರ ಮನೆಯಲ್ಲಿದ್ದರು. ಹಾಕಿಸಿದ ಮೇಲೆ ಅಂಗಡಿಯ ಬಾಗಿಲಲ್ಲಿ ನಿಂತು ಎದುರು ಗೋಡೆಗೆ ಅಂಟಿಸಿದ್ದ ಸಿನಿಮಾ ಪೋಸ್ಟರನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಮೊಮ್ಮಗನಿಗೆ, ‘ಯಾವನ್ಲೇ ಇವ, ಮೈಮ್ಯಾಲೆ ಅಂಗಿನೇ ಇಲ್ಲ’ ಅಂದರು. ಅಂಗಡಿಯವರು ನಕ್ಕಿದ್ದು ಬೀದಿಗೆಲ್ಲ ಕೇಳಿಸಿತು.

ಅವತ್ತು ರಾತ್ರಿ ಅಜ್ಜ ಕೆಂಪು ಪುಸ್ತಕ ತೆಗೆದು ನನಗೆ ತೋರಿಸಿದರು. ಶಿಬಿರದ 60ರ ಹತ್ತಿರ ಹೆಸರು. ಒಂದರ ಪಕ್ಕ ಗೆರೆ ಎಳೆದರು. ಉಳಿದವರ ಪಕ್ಕ ‘ಬಾಕಿ’. ‘ತಮ್ಮಾ, ಒಂದೊಂದೇ ಕಾರ್ಡು ಬರೀ. ಅವರವರ ಊರಿನ ಪೋಸ್ಟಿಗೆ’ ಅಂದರು. ವಿಳಾಸದ ಕೊನೆಗೆ ‘ಚಿತ್ರದುರ್ಗ ಜಿಲ್ಲೆ’ ಅಂತ ಎಷ್ಟು ಸಲ ಬರೆದೆನೋ. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ಕ್ಕೆ, ಅದು ಆಮೇಲಿನ ಮಾತು. ದುಡ್ಡು ಎಲ್ಲಿಂದ ಬಂತು ಅಂತ ಕೇಳಬೇಡಿ. ಅಜ್ಜ ಮಂಡಿಯಲ್ಲಿ ಕೂತು, ಬರುವ ಹೋಗುವ ಸದಸ್ಯರನ್ನು ಹಿಡಿದು, ಹತ್ತು ಇಪ್ಪತ್ತು ವಸೂಲಿ ಮಾಡಿದರು. ಬಾಕಿ ವಸೂಲಿ ಅವರ ಕಸುಬೇ ಅಲ್ವಾ.

ಕ್ಲಬ್ಬಿನವರನ್ನು ಬೈಯುವುದು ಸುಲಭ. ಶಾಲು, ಹಾರ, ಫೋಟೋ, ಬ್ಯಾನರು. ರೋಗಿಗೆ ಕೊಡುವ ಬಾಳೆಹಣ್ಣನ್ನು ಏಳು ಜನ ಹಿಡಿದುಕೊಂಡು ನಿಂತ ಫೋಟೋ ನಾನೂ ನೋಡಿ ನಕ್ಕಿದ್ದೇನೆ. ಆದರೆ ಅವರನ್ನು ಮೂವತ್ತು ವರ್ಷ ಹತ್ತಿರದಿಂದ ನೋಡಿ ನನಗೆ ಅನಿಸಿದ್ದು ಬೇರೆ. ಪ್ರಚಾರದ ಆಸೆ ದೊಡ್ಡ ರೋಗವೇನಲ್ಲ. ಹೆಸರಿನ ಆಸೆಗೆ ಕೊಟ್ಟ ಬೆಂಚಿನ ಮೇಲೂ ಮಕ್ಕಳು ಕೂರುತ್ತಾರೆ. ರೋಗ ಇರುವುದು ಕ್ಯಾಲೆಂಡರಿನಲ್ಲಿ. ಒಂದೇ ವರ್ಷ ಕೈಯಲ್ಲಿರುವ ಮನುಷ್ಯ ಒಂದೇ ವರ್ಷದಲ್ಲಿ ಮುಗಿಯುವ ಕೆಲಸವನ್ನೇ ಆರಿಸಿಕೊಳ್ಳುತ್ತಾನೆ. ಹಿಂದಿನವರು ಬಿಟ್ಟದ್ದನ್ನು ಮುಂದುವರಿಸಿದರೆ ಕಲ್ಲಿನ ಮೇಲೆ ಹಿಂದಿನವರ ಹೆಸರೇ ಇರುತ್ತದೆ.

ಇದಕ್ಕೆ ವಿರುದ್ಧವಾದ ಸಾಕ್ಷಿಯೂ ಅದೇ ಮನೆಯಲ್ಲಿದೆ. ಪೋಲಿಯೊ. ರೋಟರಿಯವರು ಜಗತ್ತಿನಿಂದಲೇ ಪೋಲಿಯೊ ತೆಗೆಯುತ್ತೇವೆ ಅಂತ 1985ರಲ್ಲಿ ಹೊರಟರು. ದೇಶದಾದ್ಯಂತ ನಡೆದ ಮೊದಲ ಪಲ್ಸ್ ಪೋಲಿಯೊ ಭಾನುವಾರದ್ದಲ್ಲ, ಶನಿವಾರದ್ದು, 1995ರ ಡಿಸೆಂಬರ್ 9. ಆಗ ನಾನು ಬೇರೆ ಕಡೆ ಕೆಲಸಕ್ಕೆ ಸೇರಿದ್ದೆ, ಆದರೂ ರೈಟ್ರಜ್ಜನ ಕಾರ್ಡು ಬಂತು, ಬಂದೆ. ಆಮೇಲಿನ ವರ್ಷಗಳಲ್ಲಿ ಎಷ್ಟೋ ಸಲ ಬಸ್ ಸ್ಟ್ಯಾಂಡಿನಲ್ಲಿ ನೀಲಿ ಡಬ್ಬಿ ಇಟ್ಟುಕೊಂಡು ಕೂತಿದ್ದೇನೆ. ಒಳಗೆ ಐಸು, ಐಸಿನ ನಡುವೆ ಬೆರಳುದ್ದದ ಶೀಶೆ. ಶೀಶೆಯ ಮೇಲೆ ಒಂದು ವೃತ್ತ, ಅದರೊಳಗೆ ತಿಳಿ ಬಣ್ಣದ ಚೌಕ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ. ವೃತ್ತದ ಬಣ್ಣಕ್ಕೆ ಬಂದರೆ ಆ ಶೀಶೆ ಬಳಸುವಂತಿಲ್ಲ. ಎರಡು ಹನಿ ಹಾಕಿ, ಎಡಗೈ ಕಿರುಬೆರಳಿನ ಉಗುರಿಗೆ ಶಾಯಿ. ಮರುದಿನದಿಂದ ಮನೆಮನೆಗೆ ಹೋಗಿ, ಎಲ್ಲ ಮಕ್ಕಳಿಗೂ ಆಗಿದ್ದರೆ ಗೋಡೆಗೆ ‘ಪಿ’ ಅಂತ ಚಾಕ್‌ಪೀಸಿನ ಗುರುತು, ಒಂದು ಮಗು ತಪ್ಪಿದ್ದರೂ ‘ಎಕ್ಸ್’. ಎಕ್ಸ್ ಬಿದ್ದ ಮನೆಗೆ ಮತ್ತೆ ಹೋಗಬೇಕು, ಪಿ ಆಗುವವರೆಗೆ ಹೋಗಬೇಕು. ನೋಡಿ ರೈಟ್ರಜ್ಜ ಹೇಳಿದ್ದು, ‘ಇದು ನನ್ನ ಕೆಂಪು ಪುಸ್ತಕನೇ ಐತಲ್ಲೋ, ಗೋಡೆ ಮೇಲೆ ಬರೆದಾರೆ ಅಷ್ಟೆ.’

2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡ ಪ್ರಕರಣವೇ ದೇಶದ ಕೊನೆಯ ವೈಲ್ಡ್ ಪೋಲಿಯೊ, ಅಂದರೆ ಲಸಿಕೆಯಿಂದಲ್ಲದೆ ತಾನಾಗಿ ಹರಡುವ ವೈರಸ್ಸಿನದು. 2014ರ ಮಾರ್ಚ್ 27ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಕೆಲಸ ಮಾಡಿದ್ದು ಬಹುಮಟ್ಟಿಗೆ ಸರ್ಕಾರದ ಆರೋಗ್ಯ ಸಿಬ್ಬಂದಿ, ಆಶಾ ಮತ್ತು ಅಂಗನವಾಡಿಯವರು. ಅವರ ಪಾಲನ್ನು ಕ್ಲಬ್ಬಿನ ಲೆಕ್ಕಕ್ಕೆ ಬರೆದುಕೊಳ್ಳಬಾರದು. ಆದರೆ 1985ರಿಂದ 2014ರವರೆಗೆ ಪ್ರತಿ ರೋಟರಿ ಕ್ಲಬ್ಬಿನಲ್ಲೂ 29 ಜುಲೈ ಬಂದು ಹೋದವು. ಪ್ರತಿ ಸಲವೂ ಹೊಸ ಅಧ್ಯಕ್ಷ ಹಿಂದಿನವನ ಬಾಕಿಯನ್ನು ತನ್ನದು ಅಂತ ಒಪ್ಪಿಕೊಂಡ. ಹಾಗಾದರೆ ಆಗುತ್ತದೆ ಅಂತಾಯ್ತಲ್ಲ.

ಹೆಂಗಸರ ಮಾತೂ ಹೇಳಬೇಕು. 1987ರಲ್ಲಿ ಲಯನ್ಸ್ ಹೆಂಗಸರಿಗೆ ಬಾಗಿಲು ತೆರೆಯಿತು. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟು, ಹೆಂಗಸರು ಅನ್ನುವ ಕಾರಣಕ್ಕೆ ರೋಟರಿ ಅವರನ್ನು ಹೊರಗಿಡುವಂತಿಲ್ಲ ಅಂತ ತೀರ್ಪು ಕೊಟ್ಟಿತು. 1989ರಲ್ಲಿ ರೋಟರಿ ತನ್ನ ನಿಯಮವನ್ನೇ ತಿದ್ದಿತು. ನಾನು ಕುರ್ಚಿ ಹಾಕುತ್ತಿದ್ದ ವರ್ಷ ಅದು. ನಮ್ಮಲ್ಲಿ ಆಗ ಹೆಂಗಸರು ಬರುತ್ತಿದ್ದದ್ದು ಫ್ಯಾಮಿಲಿ ನೈಟ್‌ಗೆ, ಅಂತ್ಯಾಕ್ಷರಿ ಹಾಡಲು. ಈ ವರ್ಷದ ನಮ್ಮ ಅಧ್ಯಕ್ಷೆ ಹಲ್ಲಿನ ಡಾಕ್ಟರು.

ರೈಟ್ರಜ್ಜ ಈಗಿಲ್ಲ. ಕೆಂಪು ಪುಸ್ತಕ ನನ್ನ ಹತ್ತಿರ ಇದೆ. ಕ್ಲಬ್ಬಿನ ಕೋಣೆ ಬದಲಾಯಿಸುವಾಗ ರದ್ದಿಗೆ ಹೊರಟಿತ್ತು, ಕೇಳಿ ತಂದಿಟ್ಟುಕೊಂಡೆ. ಅದರ ಕೊನೆಯ ಪುಟಗಳಲ್ಲಿ ಒಂದು ಶೌಚಾಲಯದ ಕತೆ ಇದೆ. ಜಗಳೂರು ಕಡೆಯ ಒಂದು ಹಳ್ಳಿ ಶಾಲೆ, ಹೆಣ್ಣುಮಕ್ಕಳಿಗೆ ಅಂತ ಎರಡು ಕೋಣೆ. ರಿಬ್ಬನ್ನು ಕತ್ತರಿಸಿದ ಮೂರು ತಿಂಗಳಿಗೆ ಅಜ್ಜ ಬಸ್ಸು ಹತ್ತಿ ಹೋದರು, ಜೊತೆಗೆ ರಜೆಗೆ ಬಂದಿದ್ದ ನಾನು. ಬೀಗ. ಹೆಡ್‌ಮಾಸ್ತರು ಬೀಗದ ಕೈ ತರಿಸಿ, ‘ಮಕ್ಕಳು ಬಳಸ್ತಾರೆ ಸಾರ್, ಈಗಷ್ಟೇ ಹಾಕಿದ್ದು’ ಅಂದರು. ಅಜ್ಜ ಏನೂ ಕೇಳಲಿಲ್ಲ. ಒಳಗೆ ಬಗ್ಗಿ ಅಂಗೈಯನ್ನು ನೆಲಕ್ಕೆ ಒತ್ತಿ ನನಗೆ ತೋರಿಸಿದರು. ಧೂಳು. ಹೊರಗೆ ಬಂದ ಮೇಲೆ ಹೇಳಿದರು, ‘ಬಾಯಿ ಕೇಳಬೇಡ ತಮ್ಮಾ, ನೆಲ ಕೇಳು. ಹಸಿ ಇದ್ರೆ ಬಳಸ್ತಾರೆ. ಒಣಗಿದ್ರೆ ನಮಗೋಸ್ಕರ ತೆಗೆದದ್ದು.’

ಹೆಡ್‌ಮಾಸ್ತರದೂ ತಪ್ಪಲ್ಲ. ನಲ್ಲಿ ಇತ್ತು, ನೀರಿರಲಿಲ್ಲ. ನಾವು ಗೋಡೆ ಕಟ್ಟಿದ್ದೆವು, ಬಣ್ಣ ಬಳಿದಿದ್ದೆವು, ಕಲ್ಲು ಹಾಕಿಸಿದ್ದೆವು. ಬೋರಿನಿಂದ ಪೈಪು ಎಳೆಯುವುದು ಅಂದಾಜಿನಲ್ಲೇ ಇರಲಿಲ್ಲ. ತೊಳೆಯುವವರಿಗೆ ಸಂಬಳ ಯಾರು ಕೊಡಬೇಕು ಅಂತಲೂ ಯಾರೂ ಕೇಳಿರಲಿಲ್ಲ. ಶಿಕಾಗೋದ ಮೊದಲ ರೋಟರಿಯವರು ಊರಿಗಾಗಿ 1907ರಲ್ಲಿ ಕೈಗೆತ್ತಿಕೊಂಡ ಕೆಲಸವೂ ಒಂದು ಸಾರ್ವಜನಿಕ ಶೌಚಾಲಯವೇ. ಅವರಿಗೂ ಇದೇ ತಾಪತ್ರಯ ಇತ್ತೋ ಏನೋ! ಅಜ್ಜ ನಾಲ್ಕು ಸಲ ಹೋದರು. ಪೈಪು ಬಂತು, ಟ್ಯಾಂಕು ಬಂತು. ಪುಸ್ತಕದಲ್ಲಿ ‘ಹಸಿ’ ಅಂತ ಕೊನೆಯ ನಮೂದು, ತಾರೀಖು ಸಮೇತ. ಅಲ್ಲಿಂದ ಮುಂದೆ ಖಾಲಿ.

ಈ ಜುಲೈಯ ಮೊದಲ ಬೋರ್ಡ್ ಮೀಟಿಂಗಿಗೆ ಅಜೆಂಡಾ ಬರೆಯುವ ಕೆಲಸ ನನ್ನದೇ. ಒಂದನೇ ಸಾಲಿಗೆ ‘ಹಿಂದಿನ ಬಾಕಿ’ ಅಂತ ಬರೆದೆ. ಖಜಾಂಚಿ ಕನ್ನಡಕ ಏರಿಸಿ, ‘ಯಾರ ಕಡೆಯಿಂದ ಎಷ್ಟು ಬರಬೇಕು ಸಾರ್?’ ಅಂದರು. ಬರಬೇಕಾದ್ದಲ್ಲ, ನಾವು ಕೊಡಬೇಕಾದ್ದು ಅಂತ ವಿವರಿಸಿ, ನನಗೆ ನೆನಪಿದ್ದ 17 ಕೆಲಸ ಓದಿದೆ. 2021ರಲ್ಲಿ ಕೊಟ್ಟ ನಾಲ್ಕು ಆಕ್ಸಿಜನ್ ಯಂತ್ರಗಳು ಈಗ ಎಲ್ಲಿವೆ, ಕೆಲಸ ಮಾಡುತ್ತವಾ ಅನ್ನುವುದೂ ಅದರಲ್ಲಿತ್ತು. ಮಾಜಿ ಅಧ್ಯಕ್ಷರೊಬ್ಬರು ಮಂಡಕ್ಕಿ ತಟ್ಟೆ ಪಕ್ಕಕ್ಕೆ ಸರಿಸಿ, ‘ಇದೆಲ್ಲ ತೆಗೆದ್ರೆ ಹೊಸ ಪ್ರಾಜೆಕ್ಟ್ ಯಾವಾಗ ಮಾಡೋದ್ರೀ’ ಅಂದರು. ನ್ಯಾಯವಾದ ಪ್ರಶ್ನೆಯೇ. ಅಧ್ಯಕ್ಷೆ ಮೇಡಂ, ‘ಶನಿವಾರ ಒಂದು ಶಾಲೆ ನೋಡಿ ಬರೋಣ, ಆಮೇಲೆ ಮಾತಾಡೋಣ’ ಅಂದರು. ಎರಡು ಕಾರು ಹೋಗುವುದು ಅಂತ ತೀರ್ಮಾನ ಆಯಿತು.

ಹೋದದ್ದು ಒಂದು ಕಾರು, ಮೂರು ಜನ. ಶಾಲೆಯ ಹೊಸ ಮೇಡಂಗೆ ನಮ್ಮ ಕ್ಲಬ್ಬಿನ ಹೆಸರೇ ಗೊತ್ತಿಲ್ಲ. ಗೋಡೆಯ ಕಲ್ಲಿನ ಮೇಲಿದ್ದ ಹೆಸರುಗಳ ಮೇಲೆ ಎರಡು ಸಲ ಸುಣ್ಣ ಬಿದ್ದಿದೆ. ಶೌಚಾಲಯ ಎಲ್ಲಿ ಅಂತ ನಾನೇ ತೋರಿಸಬೇಕಾಯಿತು. ಎಡಗಡೆ ಕೋಣೆಯ ತುಂಬ ಮುರಿದ ಬೆಂಚು, ಪೊರಕೆ, ಒಂದು ಹಳೇ ಕೇರಂ ಬೋರ್ಡು. ಬಲಗಡೆಯದಕ್ಕೆ ಬೀಗ ಇರಲಿಲ್ಲ, ಬಾಗಿಲು ದಾರದಲ್ಲಿ ಕಟ್ಟಿತ್ತು. ಒಳಗೆ ಅರ್ಧ ಬಕೆಟ್ ನೀರು, ಪ್ಲಾಸ್ಟಿಕ್ ಮಗ್ಗು. ಬಗ್ಗಿ ಅಂಗೈ ಊರಿದೆ.

ಹಿಂದೆ ನಿಂತಿದ್ದ ಖಜಾಂಚಿ ಮೊಬೈಲ್ ಎತ್ತಿ, ‘ಸಾರ್, ಹಂಗೇ ಇರ್ರಿ, ಒಂದು ಫೋಟೋ’ ಅಂದರು. ಅವರಿಗೆ ಬೇಡ ಅನ್ನುವ ಹೊತ್ತಿಗೆ ತೆಗೆದೇಬಿಟ್ಟಿದ್ದರು. ಕಾರಿಗೆ ಬಂದು ಕೂತು ಪುಸ್ತಕ ತೆಗೆದೆ. ನೀಲಿ ಪೆನ್ನು ಮಾತ್ರ ಇತ್ತು, ಮೇಡಂ ತಮ್ಮ ಚೀಲದಿಂದ ಕೆಂಪು ಕೊಟ್ಟರು. ‘ಬಲ ಹಸಿ. ಎಡ ಬಾಕಿ.’